ಎಂಬತ್ತಕ್ಕೆ ವೈರು ಕೀಳುವ ಅವ್ವ

ಮೊನ್ನೆ ಕಾಲೇಜಿಗೆ ಗೆಳತಿಯೊಬ್ಬಳು ಹೊಸ ಲ್ಯಾಪ್‌ಟಾಪ್ ತಂದಿದ್ದಳು. ತೆಳ್ಳಗೆ, ಚೆನ್ನಾಗಿ ಬಡಿದ ಜೋಳದ ರೊಟ್ಟಿಯ ಅಂಚಿನಷ್ಟು ತೆಳ್ಳಗೆ. ಅದರಲ್ಲಿ ಒಂದು ಕಡೆ ಒತ್ತಿಟ್ಟರೆ ಚಾರ್ಜು ಎಂಬತ್ತಕ್ಕೆ ಬಂದು ತಾನೇ ನಿಂತುಬಿಡುತ್ತದಂತೆ. ಅದರಿಂದ ಬ್ಯಾಟರಿಗೆ ಆಯುಷ್ಯ ಜಾಸ್ತಿಯಂತೆ. ಅವಳು ಅದನ್ನು ಮೂರು ಸಲ ತೋರಿಸಿದಳು. ನಾನು ಮೂರು ಸಲವೂ ‘ಅಬ್ಬಾ’ ಅಂದೆ. ಮನಸ್ಸಿನಲ್ಲಿ ಮಾತ್ರ, ಇದರಲ್ಲೇನು ಮಹಾ, ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಹುಲಿಗೆವ್ವ ಇದ್ದಾಳಲ್ಲ ಅಂದುಕೊಂಡೆ.

ಹುಲಿಗೆವ್ವ ನನ್ನ ತಾಯಿ. ಶಾಲೆಯ ಕಟ್ಟೆ ಹತ್ತಿದವಳಲ್ಲ. ಜವಳಗೇರಾದ ಸುತ್ತಮುತ್ತ ಕಾಲುವೆ ನೀರಿನ ಗದ್ದೆಗಳಲ್ಲಿ ವಯಸ್ಸೆಲ್ಲ ಬಗ್ಗಿ ನೆಲ್ಲು ಹಚ್ಚಿದವಳು. ಭತ್ತದ ನಾಟಿಗೆ ನಮ್ಮ ಕಡೆ ಹಾಗೇ ಅನ್ನುವುದು. ಈಗ ಸಿಂಧನೂರಿನಲ್ಲಿ ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾಳೆ. ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಿ ಕನ್ನಡ ಪಾಠ ಮಾಡಿ ಬರುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಈ ಮಾತನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ‘ಯಾವೂರು?’ ಅಂದರೆ ಸಾಕು, ಊರಿನ ಹೆಸರಿನ ಹಿಂದೆಯೇ ಡಿಗ್ರಿ ಬಂದುಬಿಡುತ್ತದೆ. ಕೆಲವರಿಗೆ ಇದು ಜಂಬ ಅನ್ನಿಸಬಹುದು. ಅನ್ನಿಸಲಿ. ಸುಮ್ಮನೆ ಸಿಕ್ಕಿದ್ದರ ಬಗ್ಗೆ ಜಂಬ ಪಟ್ಟರೆ ತಪ್ಪು. ನನಗೇನೂ ಸುಮ್ಮನೆ ಸಿಕ್ಕಿಲ್ಲ.

ಲ್ಯಾಪ್‌ಟಾಪಿನ ವಿಷಯಕ್ಕೆ ಬರುತ್ತೇನೆ. ನನ್ನದು ಎರಡನೇ ಕೈಯದು. ಪಿಎಚ್.ಡಿ.ಗೆ ಸೇರಿದ ವರ್ಷ, ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರ ಮನೆಯಿಂದ ತಂದೆ. ದಪ್ಪ, ಭಾರ. ಹೆಗಲಿಗೆ ಹಾಕಿಕೊಂಡರೆ ಒಂದು ಭುಜ ಇಳಿಯುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರೊಬ್ಬರು, “ಮೇಡಂ, ಅಕ್ಕಿ ಚೀಲಕ್ಕ ಲಗೇಜ್ ಚೀಟಿ ಐತಿ ನೋಡ್ರಿ” ಅಂದಿದ್ದರು. ಮನೆಗೆ ತಂದ ದಿನ ಅವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ಈಗಲೂ ಅದರ ಸಂದಿಯಲ್ಲಿ ಒಂದಿಷ್ಟು ಅರಿಷಿಣ ಉಳಿದಿದೆ. ಗೋಡೆಯ ಮೇಲೆ ನಾನು ಹಾಕಿದ ಬುದ್ಧನ ಫೋಟೋ, ಕೆಳಗೆ ಅವ್ವನ ಕುಂಕುಮದ ಲ್ಯಾಪ್‌ಟಾಪು. ಇಬ್ಬರೂ ತಕರಾರು ಮಾಡಲಿಲ್ಲ.

ಅದನ್ನು ತಂದ ಮೊದಲ ವರ್ಷ ನಾನು ಪ್ಲಗ್ಗಿನಿಂದ ಕಿತ್ತಿದ್ದೇ ಕಡಿಮೆ. ಯಾಕೆ ಅಂತ ಕೇಳಿದರೆ, ನೀವು ನಮ್ಮ ಓಣಿಗೆ ನಳ ಬರುವ ದಿನ ಬಂದು ನೋಡಬೇಕು. ನಳ ದಿನಾ ಬರುವುದಿಲ್ಲ. ಬಂದ ದಿನ ಮೊದಲು ಕೊಡ ತುಂಬುತ್ತವೆ, ಆಮೇಲೆ ಬಕೀಟು, ಆಮೇಲೆ ಡ್ರಮ್ಮು. ಅಷ್ಟಾದರೂ ನೀರು ಬರುತ್ತಿದ್ದರೆ ಅನ್ನದ ತಪೇಲಿ, ಚಹಾದ ಪಾತ್ರೆ, ಕೊನೆಗೆ ಲೋಟ. ಒಂದು ಸಲ ಅವ್ವ ನನ್ನ ಪೆನ್ನು ನಿಲ್ಲಿಸುವ ಸ್ಟೀಲಿನ ಡಬ್ಬಿಯಿಂದ ಪೆನ್ನುಗಳನ್ನು ಕೆಳಗೆ ಸುರಿದು ಅದಕ್ಕೂ ನೀರು ಹಿಡಿದಿದ್ದಳು. ಜವಳಗೇರಾದಲ್ಲಿ ಕರೆಂಟಿಗೂ ಇದೇ ಶಾಸ್ತ್ರ. ಕರೆಂಟು ಇದ್ದಾಗ ಗಿರಣಿಗೆ ಹೋಗಬೇಕು, ಕರೆಂಟು ಇದ್ದಾಗ ಮೋಟರು ಹಚ್ಚಬೇಕು, ಕರೆಂಟು ಇದ್ದಾಗ ಓದಬೇಕು. ನಾನು ಎಸ್ಸೆಸ್ಸೆಲ್ಸಿ ಓದಿದ್ದೇ ಹಾಗೆ. ಲೈಟು ಬಂದ ಕೂಡಲೇ ಅವ್ವ, “ದೇವಿ, ಬಂತು ಬಂತು, ಓದು ಓದು!” ಅಂತ ಕೂಗುತ್ತಿದ್ದಳು, ಎಮ್ಮೆ ಬದುವು ಬಿಟ್ಟು ಹೋದಾಗ ಕೂಗುವ ಹಾಗೆ. ಅಂಥ ಮನೆಯಲ್ಲಿ ಬೆಳೆದವಳು ತುಂಬುವ ವಸ್ತುವನ್ನು ಅರ್ಧಕ್ಕೆ ಬಿಡುತ್ತಾಳೆಯೇ? ಲ್ಯಾಪ್‌ಟಾಪಿನ ಮೂಲೆಯಲ್ಲಿ ನೂರು ಅಂತ ಕಂಡರೆ ನನಗೆ ತುಂಬಿದ ಡ್ರಮ್ಮು ಕಂಡ ಸುಖ.

ವರ್ಷ ತುಂಬುವುದರೊಳಗೆ ಬ್ಯಾಟರಿ ಕೈಕೊಟ್ಟಿತು. ವೈರು ಕಿತ್ತರೆ ಹತ್ತು ನಿಮಿಷಕ್ಕೆ ಕಪ್ಪು. ಅದನ್ನು ಅವ್ವನ ಮುಂದೆ ಹೇಳಿದ ಮರುದಿನ ನಾನು ಕಾಲೇಜಿನಿಂದ ಬಂದಾಗ ಲ್ಯಾಪ್‌ಟಾಪು ಮೇಜಿನ ಮೇಲೆ ಇರಲಿಲ್ಲ.

“ಅವ್ವಾ, ಕಂಪ್ಯೂಟರ್ ಎಲ್ಲಿ?”

“ಮಾಳಗಿ ಮ್ಯಾಲ ಐತಿ.”

“ಮಾಳಗಿ ಮ್ಯಾಲ ಏನ್ ಮಾಡಾಕತ್ತೈತಿ?”

“ಬಿಸಲಿಗೆ ಇಟ್ಟೀನಿ. ಸೆಲ್ ತಣ್ಣಗಾಗ್ಯಾವ ಅಂತ ನೀನ ಅಂದೆಲ್ಲ. ಬಿಸಲು ಕುಡದ್ರ ಜೀವ ಬರತೈತಿ.”

ಓಡಿಹೋಗಿ ನೋಡಿದರೆ, ಬಿಸಿಲಲ್ಲಿ ಹಳೇ ಸೀರೆ ಹಾಸಿ, ಒಂದು ಕಡೆ ಮೆಣಸಿನಕಾಯಿ, ಒಂದು ಕಡೆ ನನ್ನ ಪಿಎಚ್.ಡಿ. ಎರಡನ್ನೂ ಕಾಗೆ ಮುಟ್ಟದ ಹಾಗೆ ಒಂದು ಜಾಳಿಗೆ ಮುಚ್ಚಿದ್ದಳು. ಮುಟ್ಟಿದೆ, ಹೆಂಚಿನ ಹಾಗೆ ಸುಡುತ್ತಿತ್ತು.

ಬೈಯಲು ಬಾಯಿ ತೆರೆದೆ. ಬೈಯಲು ಆಗಲಿಲ್ಲ. ಯಾಕೆಂದರೆ ಇದನ್ನು ಅವ್ವನಿಗೆ ಕಲಿಸಿದ್ದು ನಮ್ಮಪ್ಪ. ಅಪ್ಪ ಇದ್ದಾಗ ರೈತರ ಕೈಕೆಳಗೆ ರಾತ್ರಿ ಕಾಲುವೆ ನೀರು ಕಾಯುವ ಕೆಲಸ ಮಾಡುತ್ತಿದ್ದ. ಅವನ ಮೂರು ಸೆಲ್ಲಿನ ಬ್ಯಾಟರಿ, ಅಂದರೆ ಟಾರ್ಚು, ಮಂಕಾಯಿತೆಂದರೆ ಸೆಲ್ಲುಗಳನ್ನು ತೆಗೆದು ಕಟ್ಟೆಯ ಮೇಲೆ ಸಾಲಾಗಿ ಬಿಸಿಲಿಗೆ ಮಲಗಿಸುತ್ತಿದ್ದ. ಮಧ್ಯಾಹ್ನ ಒಮ್ಮೆ ಹೊರಳಿಸುತ್ತಿದ್ದ, ಒಂದೇ ಮಗ್ಗುಲಿಗೆ ಬೇಯಬಾರದಂತೆ. ಸಂಜೆ ಒಂದೊಂದನ್ನೇ ಹಲ್ಲಿನಿಂದ ಮೆಲ್ಲಗೆ ಕಚ್ಚಿ ಮತ್ತೆ ಒಳಗೆ ಹಾಕುತ್ತಿದ್ದ. ಗುಂಡಿ ಒತ್ತಿದರೆ, ನಿಜವಾಗಿಯೂ, ಮೊದಲಿಗಿಂತ ಚೂರು ಹೆಚ್ಚು ಬೆಳಕು. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಹೀಗೆ ಸೆಲ್ಲಿಗೆ ಜೀವ ತರಿಸಿದ್ದನ್ನು ಕಣ್ಣಾರೆ ಕಂಡವಳಿಗೆ ಪುಸ್ತಕದ ಮಾತು ಹೇಳಿ ಏನು ಪ್ರಯೋಜನ? ಅವ್ವ ಅದನ್ನು ಕಚ್ಚಿ ನೋಡಿರಲಿಲ್ಲವಲ್ಲ, ಅಷ್ಟೇ ನನ್ನ ಪುಣ್ಯ.

ಮರುದಿನ ಲ್ಯಾಪ್‌ಟಾಪನ್ನು ಹೊತ್ತುಕೊಂಡು ಲಿಂಗಸುಗೂರಿನ ಖಾಜಾನ ಅಂಗಡಿಗೆ ಹೋದೆ. ಖಾಜಾ ರಿಪೇರಿಯವನು, ಮಾತಿನವನು, ನನ್ನ ಹಳೆಯ ವಿದ್ಯಾರ್ಥಿಯ ಅಣ್ಣ. ಬೆನ್ನಿನ ಸ್ಕ್ರೂ ಬಿಚ್ಚಿ ಬ್ಯಾಟರಿ ಹೊರಗೆ ತೆಗೆದವನೇ ಹುಬ್ಬು ಏರಿಸಿದ.

“ಮೇಡಂ, ಇದರ ಹೊಟ್ಟಿ ನೋಡ್ರಿ. ಒಂಬತ್ತು ತಿಂಗಳಾಗೈತಿ.”

ಬ್ಯಾಟರಿ ನಿಜಕ್ಕೂ ಪೂರಿಯ ಹಾಗೆ ಉಬ್ಬಿತ್ತು.

“ಯಾವಾಗ್ಲೂ ನೂರಕ್ಕ ಇಟ್ಟೀರಿ. ಉಂಡವರಿಗೆ ಮತ್ತ ಉಣ್ಣಸಾಕತ್ತೀರಿ. ಎಂಬತ್ತಕ್ಕ ಬಂತು ಅಂದ್ರ ಕೀಳಬೇಕು, ಇಪ್ಪತ್ತಕ್ಕ ಇಳೀತು ಅಂದ್ರ ಹಾಕಬೇಕು. ಅಷ್ಟ ಇದರ ದವಾ. ಹೊಸಾವು ತಾನ ನಿಂದ್ರತಾವ, ಇದು ಹಳೇದು, ಇದಕ್ಕ ಆ ಅಕಲ್ ಇಲ್ಲ. ನೀವ ಕಾಯಬೇಕು.” ಮೂಸಿ ನೋಡಿ ಕೇಳಿದ, “ಇದಕ್ಕ ಬಿಸಲು ಏನರ ತೋರ್ಸೀರೇನು?”

“ಛೇ, ಇಲ್ಲಪ್ಪ” ಅಂದೆ. ಸತ್ಯ ಹೇಳಬೇಕು ಅಂತ ಅಂದೇ ಬೆಳಿಗ್ಗೆ ಮಕ್ಕಳಿಗೆ ಪಾಠ ಮಾಡಿದ್ದೆ.

ಖಾಜಾ ಬೇರೆ ಬ್ಯಾಟರಿ ಹಾಕಿಕೊಟ್ಟ. ಅದು ಕಂಪನಿಯದಲ್ಲ, ಕಂಪನಿಯ ದೂರದ ತಮ್ಮ. ಚಾರ್ಜಿನ ಅಂಕಿ ಮೂಲೆಯಲ್ಲಿ ದೊಡ್ಡದಾಗಿ ಕಾಣುವ ಹಾಗೂ ಮಾಡಿಕೊಟ್ಟ. ಉಬ್ಬಿದ್ದನ್ನು ತಾನೇ ಇಟ್ಟುಕೊಂಡು ವಿಲೇವಾರಿ ಮಾಡುತ್ತೇನೆ ಅಂದ. ನಾನು ಅದರ ಫೋಟೋ ತೆಗೆದುಕೊಂಡು ಬಂದು ಅವ್ವನಿಗೆ ತೋರಿಸಿದೆ.

ಅವ್ವ ಬಹಳ ಹೊತ್ತು ನೋಡಿದಳು. “ಅಕ್ಕಿ ತಿಂದ ಎಮ್ಮಿ ಹಂಗ ಉಬ್ಬೈತಲ್ಲಬೇ” ಅಂದಳು. ಕಟ್ಟು ಬಿಚ್ಚಿಕೊಂಡ ಎಮ್ಮೆ ಅಕ್ಕಿಯ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ಉಬ್ಬಿ ಸಾಯುವುದನ್ನು ಅವಳು ಕಂಡವಳು. ಆದರೂ ಎಂಬತ್ತರ ಮಾತು ಅವಳಿಗೆ ಸರಿಬರಲಿಲ್ಲ.

“ಕರೆಂಟ್ ಇದ್ದಾಗ ತುಂಬಿಸ್ಕೋಬೇಕು. ಹೋದ ಮ್ಯಾಲ ಯಾರ ಮನಿಗೆ ಹೋಕ್ಕಿ?”

“ಬರತೈತೆಬೇ, ಈಗ ಮೊದಲಿನಂಗಲ್ಲ.”

“ಬರತೈತಿ ಅಂತ ನಿನಗ ಬರದು ಕೊಟ್ಟಾರೇನು?”

ಆಮೇಲೆ ಎಷ್ಟೋ ದಿನ ಬಸ್ಸಿನಲ್ಲಿ ಈ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಎಂಬತ್ತಕ್ಕೆ ನಿಲ್ಲಿಸುವವರು ಯಾರು? ಉಳಿದ ಇಪ್ಪತ್ತು ನಾಳೆಯೂ ಸಿಗುತ್ತದೆ ಅಂತ ಖಾತ್ರಿ ಇದ್ದವರು. ನಮಗೆ ಅಂಥ ಖಾತ್ರಿ ಬಂದದ್ದು ಈಚೆಗೆ. ನನಗೆ ತಿಂಗಳ ಸಂಬಳ, ಅವ್ವನಿಗೆ ತಿಂಗಳ ಅಕ್ಕಿ, ಮನೆಗೆ ಒಂದು ಫ್ಯಾನು. ಹಾಗಿದ್ದರೂ ಮದುವೆ ಊಟಕ್ಕೆ ಹೋದರೆ ನಾನು ಇನ್ನೂ ನಾಳೆಯದ್ದನ್ನೂ ಸೇರಿಸಿ ಉಣ್ಣುತ್ತೇನೆ. ಮನುಷ್ಯರಿಗೆ ಸಾಕು ಅನ್ನುವುದನ್ನು ಕಲಿಯಲು ಒಂದು ತಲೆಮಾರು ಬೇಕೇನೋ.

ಖಾಜಾ ಹೇಳಿದ ದವಾ ಪಾಲಿಸಲು ನನ್ನಿಂದ ಆಗಲಿಲ್ಲ. ಚಾರ್ಜಿಗೆ ಹಾಕಿ ಬರೆಯಲು ಕೂತರೆ ಮರೆಯುತ್ತಿದ್ದೆ. ತಲೆ ಎತ್ತಿದರೆ ತೊಂಬತ್ತೇಳು. ಫೋನಿನಲ್ಲಿ ಅಲಾರಂ ಇಟ್ಟೆ, ಅದನ್ನು ಆಫ್ ಮಾಡಿ ಮತ್ತೆ ಮರೆತೆ. ಕೊನೆಗೆ ಅವ್ವನೇ ಒಂದು ದಿನ ಕಾಲುಚಾಚಿ ಕೂತು, “ನನಗ ಹೇಳಿಕೊಡು, ನಾ ಕಾಯ್ತೀನಿ. ನಿಮ್ಮಪ್ಪ ನೀರು ಕಾಯ್ದ, ನಾ ಇದನ್ನ ಕಾಯಲಾರದವಳೇನು?” ಅಂದಳು.

“ಎಂಬತ್ತು ಬಂದಾಗ ಕೀಳಬೇಕಬೇ. ನಿನಗ ಅಂಕಿ ಗೊತ್ತಿಲ್ಲಲ್ಲ.”

“ತೋರ್ಸು, ಹೆಂಗಿರತೈತಿ?”

80 ಅಂತ ಬರೆದು ತೋರಿಸಿದೆ. ಅವ್ವ ಕುತ್ತಿಗೆ ಈ ಕಡೆ ಆ ಕಡೆ ವಾಲಿಸಿ ನೋಡಿ, “ಒಂದರ ಮ್ಯಾಲ ಒಂದು ಎರಡು ಕೊಡ, ಬಾಜೂಕ ಇನ್ನೊಂದು ಕೊಡ. ಮೂರು ಕೊಡ. ಆತು ಹೋಗು” ಅಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಎಂಬತ್ತಕ್ಕೆ ಮೂರು ಕೊಡ ಅಂತ ಹೆಸರು. ಅವ್ವ ಬದನೆಕಾಯಿ ಹೆಚ್ಚುತ್ತಲೋ ಸೊಪ್ಪು ಸೋಸುತ್ತಲೋ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕೂತಿರುವಳು. ಮೂರು ಕೊಡ ಕಂಡ ಕೂಡಲೇ ಪ್ಲಗ್ಗು ಕಿತ್ತು, “ಆತು!” ಅಂತ ಕೂಗುವಳು. ಒಂದು ದಿನ ಮಾತ್ರ ಸೊಪ್ಪಿನಲ್ಲಿ ಹುಳು ಹುಡುಕುವಾಗ ಮೂರು ಕೊಡ ಬಂದು ಹೋಗಿಬಿಟ್ಟವು. ಅದಕ್ಕೆ ಅವ್ವ, ಬರುವ ಮೊದಲೇ ಗೊತ್ತಾಗಬೇಕು ಅಂತ, ಎಂಬತ್ತರ ಹಿಂದಿನ ಅಂಕಿಗಳ ಗುರುತು ಹಚ್ಚಲು ಶುರು ಮಾಡಿದಳು. ಏಳು ಅಂದರೆ ಗೋಡೆಗೆ ಸಿಕ್ಕಿಸಿದ ಕುಡುಗೋಲು. ಒಂಬತ್ತು ಅಂದರೆ ಸೌಟು. ಕುಡುಗೋಲಿನ ಮುಂದೆ ಸೌಟು ಬಂತೆಂದರೆ ಎದ್ದು ಪ್ಲಗ್ಗಿನ ಹತ್ತಿರ ಹೋಗಿ ನಿಲ್ಲಬೇಕು. ಆಮೇಲೆ ಆರು, ಐದು, ನಾಲ್ಕು. ಎರಡು ತಿಂಗಳಲ್ಲಿ ಅವಳಿಗೆ ಎಲ್ಲ ಅಂಕಿಗಳೂ ಬಂದವು. ಬಾಯಿಲೆಕ್ಕ ಅವಳಿಗೆ ಮೊದಲೇ ಇತ್ತು. ಈಗ ಬಾಯಿಯ ಲೆಕ್ಕಕ್ಕೂ ಕಣ್ಣಿನ ಗುರುತಿಗೂ ಗಂಟು ಬಿತ್ತು. ಸಂತೆಗೆ ಹೋದಾಗ ತಕ್ಕಡಿಯ ಅಂಕಿ ಓದಿ ತರಕಾರಿಯವಳನ್ನು ದಬಾಯಿಸಿ ಬಂದಳು.

ಇಲ್ಲಿ ನಾನು ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಷ್ಟು ವರ್ಷ ಊರ ಮಕ್ಕಳಿಗೆಲ್ಲ ಪಾಠ ಹೇಳಿದೆ. ಮನೆಯಲ್ಲಿ ಅವ್ವನನ್ನು ಕೂರಿಸಿಕೊಂಡು ಒಂದರಿಂದ ಹತ್ತು ಬರೆಸಬೇಕು ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ. ‘ಮನೆತನದ ಮೊದಲ ಪದವೀಧರೆ’ ಅನ್ನುವಾಗ ಬರುವ ಆ ‘ಮೊದಲ’ ಅನ್ನುವ ಪದ ನನಗೆ ಎಷ್ಟು ಇಷ್ಟವೆಂದರೆ, ಎರಡನೆಯವರು ಬರುವುದು ಬೇಡವಾಗಿತ್ತೋ ಏನೋ. ಹಳೇ ಬ್ಯಾಟರಿ ಮಾಡಿದ ಕೆಲಸ ನಾನು ಮಾಡಲಿಲ್ಲ.

ಹೀಗೆ ಮೂರು ವರ್ಷ ನಡೆಯಿತು. ಬ್ಯಾಟರಿ ಉಬ್ಬಲಿಲ್ಲ. ನಾಟಿಯ ಗುಂಪಿನ ಹೆಣ್ಣುಮಕ್ಕಳ ಮಾತಿನ ಮೇಲೆ ನನ್ನ ಮಹಾಪ್ರಬಂಧ ಮುಗಿಯಿತು. ಉಳಿದದ್ದು ಮೌಖಿಕ ಪರೀಕ್ಷೆ. ಪರೀಕ್ಷಕರು ಬಹಳ ದೂರದವರು, ವಯಸ್ಸಾದವರು. ನನ್ನ ಮಾರ್ಗದರ್ಶಕರು ಬಚ್ಚಲಲ್ಲಿ ಜಾರಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದರು. ಹಾಗಾಗಿ ಎಲ್ಲರೂ ಅವರವರ ಮನೆಯಿಂದಲೇ ಆನ್‌ಲೈನ್‌ನಲ್ಲಿ ಕೂರುವುದು ಅಂತ ಅನುಮತಿ ಸಿಕ್ಕಿತ್ತು. ಅದೂ ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮುಂದೆ ಹೋಗಿತ್ತು. ಖಾಯಂ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಲು ಆ ತಿಂಗಳೇ ಕೊನೆ. ಪರೀಕ್ಷಕರು ಪರೀಕ್ಷೆಯ ಮರುದಿನವೇ ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೊರಟವರು. ಈ ಸಲ ತಪ್ಪಿದರೆ ಪದವಿಯೂ ಮುಂದಕ್ಕೆ, ಅರ್ಜಿಯೂ ಹೊರಗೆ.

ಪರೀಕ್ಷೆ ಬೆಳಿಗ್ಗೆ ಹನ್ನೊಂದಕ್ಕೆ. ಆರೂವರೆಗೆ ಎದ್ದವಳೇ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದೆ. ಇವತ್ತೊಂದು ದಿನ ನೂರು ತುಂಬಲಿ, ಏನಾದರೂ ಆಗಲಿ ಅಂದುಕೊಂಡೆ. ಹಾಗಂತ ಅಂದುಕೊಂಡೆನೇ ಹೊರತು ಬಾಯಿ ಬಿಟ್ಟು ಅವ್ವನಿಗೆ ಹೇಳಲಿಲ್ಲ. ತಲೆಗೆ ಎರೆದುಕೊಂಡು, ಹೊಸ ಸೀರೆಯ ನೆರಿಗೆ ಕೂರದೆ ಅದರ ಜೊತೆ ಗುದ್ದಾಡಿ, ಹತ್ತೂಕಾಲಿಗೆ ಬಂದು ನೋಡುತ್ತೇನೆ: ಪ್ಲಗ್ಗು ನೆಲದ ಮೇಲೆ. ಮೂಲೆಯಲ್ಲಿ ಎಂಬತ್ತು. ಬಗ್ಗಿ ಪ್ಲಗ್ಗು ಎತ್ತಿ ಹಾಕಿದೆ. ಸ್ವಿಚ್ಚಿನ ಕೆಂಪು ದೀಪ ಹತ್ತಲಿಲ್ಲ. ಮೇಲೆ ಫ್ಯಾನು ನಿಂತಿತ್ತು.

“ಅವ್ವಾ! ಕರೆಂಟ್ ಯಾವಾಗ ಹೋತು?”

“ಈಗ ಹತ್ತು ನಿಮಿಷಾತು ನೋಡು.”

“ಇವತ್ತೊಂದಿನ ತುಂಬಬೇಕಿತ್ತಲ್ಲಬೇ! ಯಾಕ ಕಿತ್ತಿ?”

ಅವ್ವನ ಮುಖ ಇಳಿಯಿತು. “ನೀನ ಹೇಳೀದಿ, ಮೂರು ಕೊಡ ಬಂದ ಮ್ಯಾಲ ಒಂದು ಗಳಿಗಿ ಬಿಡಬ್ಯಾಡ ಅಂತ. ಇವತ್ತ ದೊಡ್ಡ ಕೆಲಸ ಐತಿ, ಹೊಟ್ಟಿ ಉಬ್ಬಿದ್ರ ಹೆಂಗ ಅಂತ, ಕಣ್ಣು ಮುಚ್ಚಲಾರದ ಕಾಯ್ದು ಕಿತ್ತೀನವ್ವ.”

ಕರೆಂಟು ಇದ್ದಾಗ ತುಂಬಿಸಿಕೋ ಅಂತ ಹೇಳುತ್ತಿದ್ದವಳು ಅವಳು. ಅದನ್ನು ಬಿಡಿಸಿ ಎಂಬತ್ತು ಕಲಿಸಿದವಳು ನಾನು. ಯಾರನ್ನು ಬೈಯಲಿ? ಹೊರಗೆ ಬಂದು ವಿಚಾರಿಸಿದರೆ ಓಣಿಯ ತುದಿಯಲ್ಲಿ ಕಂಬದ ಮೇಲೆ ಲೈನ್‌ಮನ್ ಹತ್ತಿದ್ದಾನೆ, ಮಧ್ಯಾಹ್ನದ ತನಕ ಬರಂಗಿಲ್ಲ ಅಂದರು. ಓಣಿಯಲ್ಲಿ ಇನ್ವರ್ಟರ್ ಇದ್ದ ಒಂದೇ ಮನೆಯವರು ಮಸ್ಕಿಗೆ ಮದುವೆಗೆ ಹೋಗಿದ್ದರು, ಅವರ ಬಾಗಿಲಿಗೆ ಬೀಗ. ನನ್ನ ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡಬೇಕು, ಅದೇ ಅದಕ್ಕೆ ಹೆಚ್ಚು. ಅದರ ಮೇಲೆ ವಿಡಿಯೋವನ್ನೂ ಹೊರಿಸಿದರೆ ಅದು ಕಾದು ತಾನೇ ಆರಿಬಿಡುತ್ತದೆ. ಇದ್ದದ್ದು ಎಂಬತ್ತು. ವಿಡಿಯೋ ಹಚ್ಚಿದರೆ ಆ ಬ್ಯಾಟರಿ ಎಂಬತ್ತರಲ್ಲಿ ಒಂದೂಮುಕ್ಕಾಲು ತಾಸು ಎಳೆಯುತ್ತದೆ ಅಂತ ನನಗೆ ಗೊತ್ತಿತ್ತು. ಸಾಕು, ಒಂದು ತಾಸಿನ ಕೆಲಸ ಅಂತ ಎದೆ ಗಟ್ಟಿ ಮಾಡಿಕೊಂಡು, ಪರದೆಯ ಬೆಳಕನ್ನು ಮುಖ ಕಾಣುವಷ್ಟಕ್ಕೆ ಇಳಿಸಿ ಕೂತೆ.

ಅವ್ವ ಹತ್ತಿರ ಬಂದಳು. “ನಾ ಕುಂತು ನೋಡ್ತೀನಿ. ಎಷ್ಟೈತಿ ಅಂತ ಹೇಳ್ತಿರ್ತೀನಿ. ನೀ ಅವರ ಕೂಡ ಮಾತಾಡು, ಆ ಕಡೆ ಲಕ್ಷ್ಯ ಬ್ಯಾಡ.” ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಬಲಗಡೆ ಬಕೀಟು ಬೋರಲು ಹಾಕಿ ಕೂತಳು.

ಹನ್ನೊಂದಕ್ಕೆ ಸೇರಿಕೊಂಡೆ. ಮಾರ್ಗದರ್ಶಕರ ಮುಖ ಬಂತು, ದನಿ ಬರಲಿಲ್ಲ. ದನಿ ಬಂತು, ಮುಖ ಹೋಯಿತು. ಅವರ ಮೊಮ್ಮಗಳು ಬಂದು ಏನೋ ಒತ್ತಿದಳು, ಅವರು ತಲೆಕೆಳಗಾದರು. ಇದೆಲ್ಲ ಸರಿಹೋಗುವುದರೊಳಗೆ ಹನ್ನೊಂದು ನಲವತ್ತು. ಬಲಗಡೆಯಿಂದ ಅವ್ವನ ಪಿಸುಮಾತು: “ಐವತ್ತೆರಡು.”

ನಾನು ಮಾತು ಶುರು ಮಾಡಿದೆ. ಮೊದಲ ಹತ್ತು ನಿಮಿಷ ನನ್ನ ದನಿ ನನಗೇ ಕೇಳಿಸಲಿಲ್ಲ. ಆಮೇಲೆ ನಾಟಿಯ ಗದ್ದೆಯ ಮಾತಿಗೆ ಬಂದೆ, ಬಗ್ಗಿದ ಬೆನ್ನುಗಳ ಸಾಲಿನಲ್ಲಿ ಮಾತು ಹೇಗೆ ಒಬ್ಬಳಿಂದ ಒಬ್ಬಳಿಗೆ ಹಾಯುತ್ತದೆ ಅನ್ನುವುದಕ್ಕೆ ಬಂದೆ. ಆಗ ಹೆದರಿಕೆ ಹೋಯಿತು. ಅದು ನನಗೆ ಗೊತ್ತಿದ್ದ ವಿಷಯ. ಬಾಲ್ಯದಲ್ಲಿ ಆ ಸಾಲಿನ ಕೊನೆಯಲ್ಲಿ ನಾನೂ ಬಗ್ಗಿದ್ದೆ. ಪರೀಕ್ಷಕರು ಪ್ರಶ್ನೆ ಕೇಳಲು ಶುರು ಮಾಡಿದರು. ನಿಧಾನದ ಮನುಷ್ಯ. ಒಂದು ಪ್ರಶ್ನೆಗೆ ಮೊದಲು ಅದರ ಹಿನ್ನೆಲೆ, ಆಮೇಲೆ ತಮ್ಮ ಅನುಭವ, ಆಮೇಲೆ ಪ್ರಶ್ನೆ.

“ಮೂವತ್ತೆಂಟು.”

“ಮೂವತ್ತೊಂದು.”

ಮೂರು ವರ್ಷ ಅವ್ವ ಈ ಅಂಕಿಗಳನ್ನು ಏರುವುದಷ್ಟೇ ನೋಡಿದ್ದಳು. ಎಲ್ಲ ಅಂಕಿಗಳೂ ಎಂಬತ್ತರ ಕಡೆ ಹತ್ತುತ್ತಿದ್ದವು. ಇಳಿಯುವಾಗ ಅವಳು ಕೂತು ನೋಡಿರಲಿಲ್ಲ. ಈಗ ಅವು ಹಿಂದುಮುಂದಾಗಿ ಇಳಿಯುತ್ತಿದ್ದವು, ಅವಳು ಒಂದನ್ನೂ ತಪ್ಪದೆ ಓದುತ್ತಿದ್ದಳು. ನಾನು ನನ್ನ ಪಿಎಚ್.ಡಿ. ಪರೀಕ್ಷೆಯಲ್ಲಿ ಕೂತಿದ್ದೆ. ಆದರೆ ಬಲಗಿವಿ ಮಾತ್ರ ಪಕ್ಕದಲ್ಲಿ ನಡೆಯುತ್ತಿದ್ದ ಇನ್ನೊಂದು ಪರೀಕ್ಷೆಯ ಕಡೆಗಿತ್ತು.

“ಇಪ್ಪತ್ತಾರು.” ಈ ಸಲ ಅವ್ವನಿಗೆ ಗಾಬರಿಯಾಗಿ ದನಿ ಏರಿತು.

ಪರೀಕ್ಷಕರು ಮಾತು ನಿಲ್ಲಿಸಿದರು. “ಯಾರೋ ಅಂಕಿ ಹೇಳ್ತಾ ಇದ್ದಾರಲ್ಲ?”

ಯಾರೋ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುತ್ತಿದ್ದಾರೆ ಅಂದುಕೊಂಡರೆ? “ನಮ್ಮ ತಾಯಿ, ಸರ್. ಕರೆಂಟು ಇಲ್ಲ. ಬ್ಯಾಟರಿ ಎಷ್ಟಿದೆ ಅಂತ ನೋಡ್ತಾ ಇದ್ದಾರೆ.”

“ಓಹೋ. ಮುಂದೆ ಬರಲಿ, ನೋಡೋಣ.”

ಅವ್ವ ಸೆರಗು ತಲೆಯ ಮೇಲೆಳೆದುಕೊಂಡು ಬಗ್ಗಿ ಮುಖ ತೋರಿಸಿದಳು.

“ಅಮ್ಮಾ, ನಮಸ್ಕಾರ. ಮಗಳು ನಿಮ್ಮ ಮಾತಿನ ಮೇಲೇ ಇಷ್ಟು ದಪ್ಪ ಪುಸ್ತಕ ಬರೆದಿದ್ದಾಳೆ. ಓದಿದ್ರಾ?”

“ಶರಣ್ರೀ. ನನಗ ಓದಾಕ ಬರಂಗಿಲ್ರೀ. ಅಂಕಿ ಅಷ್ಟ ಬರತಾವ.” ಮೂಲೆಯ ಕಡೆ ನೋಡಿ, “ಇಪ್ಪತ್ತೈದು ಆತ್ರೀ. ನೀವು ಶರಣು ಹೇಳೂದ್ರಾಗ ಒಂದು ಹೋತು” ಅಂದಳು.

ಆ ಮನುಷ್ಯ ನಕ್ಕದ್ದನ್ನು ನಾನು ಮರೆಯುವ ಹಾಗಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಮಾರ್ಗದರ್ಶಕರು ಪಟ್ಟಿ ಹಾಕಿದ ಕಾಲು ಕುಲುಕಿ, ಅಯ್ಯೋ ಅಂತ ನೋವಿಗೂ ನಗುವಿಗೂ ಸೇರಿಸಿ ಕೂಗಿದರು. “ಸರಿ ತಾಯಿ, ಖರ್ಚು ಮಾಡೋದಿಲ್ಲ” ಅಂದ ಪರೀಕ್ಷಕರು ಹಿನ್ನೆಲೆ, ಅನುಭವ ಎಲ್ಲ ಬಿಟ್ಟು ಎರಡು ಪ್ರಶ್ನೆ ನೇರವಾಗಿ ಕೇಳಿದರು. ಎರಡೂ ಕಠಿಣವಾಗಿದ್ದವು. ಒಂದಕ್ಕೆ ಚೆನ್ನಾಗಿ ಹೇಳಿದೆ. ಇನ್ನೊಂದಕ್ಕೆ, ನನಗೆ ಗೊತ್ತಿಲ್ಲ ಸರ್, ನೋಡಬೇಕು ಅಂದೆ. “ಹದಿನಾಲ್ಕು” ಅಂತ ಅವ್ವ ಪಿಸುಗುಟ್ಟಿದಳು.

“ನಾವು ಒಂದು ನಿಮಿಷ ನಮ್ಮಲ್ಲೇ ಮಾತಾಡಬೇಕು. ನೀವು ಹೊರಗಿರಿ” ಅಂದರು. ಪರದೆ ಖಾಲಿಯಾಯಿತು. ನಡುವೆ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಅವರ ಒಂದು ನಿಮಿಷ ಮುಗಿಯಲೇ ಇಲ್ಲ. ನಾನು ಮುಖ ಮುಚ್ಚಿಕೊಂಡು ಕೂತೆ, ಆ ಮೂಲೆಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಓದು ಬಾರದ ನನ್ನ ತಾಯಿ ನನಗಾಗಿ ಓದುತ್ತಿದ್ದಳು.

“ಹನ್ನೊಂದು... ಒಂಬತ್ತು, ದೇವಿ... ಏಳು.” ಆಮೇಲೆ ಅವಳ ದನಿಯೇ ಅಡಗಿತು. ನನ್ನ ಮೊಣಕಾಲಿನ ಮೇಲೆ ಬೆರಳು ಒತ್ತಿ ಒತ್ತಿ ಎಣಿಸಿ ತೋರಿಸಿದಳು. ಆರು. ಐದು.

ಮುಖಗಳು ಬಂದವು. ಪರೀಕ್ಷಕರು ಈ ಸಲ ಯಾವ ಪೀಠಿಕೆಯನ್ನೂ ಹಾಕಲಿಲ್ಲ. “ಅಭಿನಂದನೆಗಳು, ಡಾಕ್ಟರ್ ದೇವಮ್ಮ. ನಾವು ಪದವಿಗೆ ಶಿಫಾರಸು ಮಾಡಿದ್ದೇವೆ.” ನಾನು ಎದ್ದು ನಿಂತೆ. ಕೈ ಮುಗಿದೆ. ಆ ಕಡೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಈ ಕಡೆ ಅವ್ವ ಮೂಲೆಯಿಂದ ಕಣ್ಣು ಕೀಳದೆ, “ನಾಕು... ಮೂರು...” ಅನ್ನುತ್ತಿದ್ದಳು. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು.

ಅವ್ವ ಬಕೀಟಿನ ಮೇಲಿಂದ ಎದ್ದಳು. “ಸತ್ತ ಹೋತಲ್ಲಬೇ. ನಾ ಕಿತ್ತಿದ್ದಕ್ಕ ಕೆಲಸ ಕೆಡ್ತೇನು?”

“ಇಲ್ಲಬೇ ಅವ್ವಾ. ಆತು. ಪಾಸಾತು. ನಾ ಡಾಕ್ಟರ್ ಆದೆ.”

ಅವ್ವ ನನ್ನ ಮುಖ ನೋಡಿದಳು, ಕಪ್ಪು ಪರದೆ ನೋಡಿದಳು. ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದಳು, ಆಮೇಲೆ ಪರದೆ ಒರೆಸಿದಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟಳು.

“ಹಂಗಾರ ಸೊನ್ನಿ ಬಂದ್ರ ಪಾಸ ಅಂತ ಮೊದಲ ಹೇಳಬಾರದೇನ ನೀನು? ಸುಮ್ಮನ ಮೂರು ವರ್ಷ ಎಂಬತ್ತಕ್ಕ ಕಾಯಾಕಿಟ್ಟೆಲ್ಲ ನನ್ನ!”